ಮೊದಲ ಮ್ಯಾರಥಾನ್ ನಡೆದು ಮುಗಿಸಿದ ಮೇಲೆ ಶೂ ಮೂಲೆ ಸೇರದಂತೆ ನೋಡಿಕೊಳ್ಳುವುದು ಹೇಗೆ?

ಮ್ಯಾರಥಾನ್ ಸೀಸನ್ ಮುಗಿಯುತ್ತಿದ್ದಂತೆ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. "ತಿಂಗಳುಗಟ್ಟಲೆ ತಯಾರಿ ಮಾಡಿದೆ. 42.195 ಕಿಲೋಮೀಟರ್ ನಡೆದೇ ಮುಗಿಸಿದೆ. ಮೆಡಲ್ ಶೋಕೇಸ್‌ನಲ್ಲಿದೆ. ಈಗ ಬೆಳಿಗ್ಗೆ ಅಲಾರಾಂ ಹೊಡೆದರೆ ಆಫ್ ಮಾಡಿ ಮಲಗ್ತೀನಿ. ಏನು ಮಾಡೋದು?" ಓಡುವವರಿಗೆ ಈ ವಿಷಯದಲ್ಲಿ ಸಲಹೆ ಬೇಕಾದಷ್ಟು ಸಿಗುತ್ತದೆ. ನಡೆಯುವವರಿಗೆ ಅಂತಲೇ ಹೇಳುವವರು ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ನಿಮ್ಮನ್ನು ನೀವು ಸೋಮಾರಿ ಅಂತ ಬೈದುಕೊಳ್ಳಬೇಡಿ. ಇಷ್ಟು ದಿನ ನಾಳೆ ಎಷ್ಟು ದೂರ, ಎಷ್ಟು ಹೊತ್ತಿಗೆ, ರಾತ್ರಿ ಏನು ಊಟ ಅನ್ನುವುದನ್ನೆಲ್ಲ ತಯಾರಿಯ ಪಟ್ಟಿಯೇ ಹೇಳುತ್ತಿತ್ತು. ಆ ಪಟ್ಟಿಯ ಕೊನೆಯ ಸಾಲು ಮ್ಯಾರಥಾನ್ ದಿನ. ಅದರಾಚೆ ಏನೂ ಬರೆದಿರಲಿಲ್ಲ. ಮದುವೆ ಮುಗಿದ ಮನೆಯಲ್ಲಿ ಮರುದಿನ ಎಲ್ಲರೂ ಏನು ಮಾಡೋದು ಅಂತ ಗೊತ್ತಾಗದೆ ಸುಮ್ನೆ ಕೂತಿರುತ್ತಾರಲ್ಲ, ಅದೇ ಕಥೆ. ಹುಮ್ಮಸ್ಸು ತಾನಾಗಿ ಬರಲಿ ಅಂತ ಕಾದರೆ ಬಹಳ ದಿನ ಕಾಯಬೇಕಾಗುತ್ತದೆ. ಕ್ಯಾಲೆಂಡರ್ ತುಂಬಿಸಿ, ಹುಮ್ಮಸ್ಸು ಆಮೇಲೆ ಬರುತ್ತದೆ ಅನ್ನುವುದು ನನ್ನ ನಂಬಿಕೆ. ಕೆಳಗೆ ಹೇಳುವುದೆಲ್ಲ ಆ ಕ್ಯಾಲೆಂಡರ್ ತುಂಬಿಸುವ ಕೆಲಸವೇ.

ಏನೇನು ಬೇಕು?

ಹೆಚ್ಚೇನೂ ಬೇಡ. ಗೋಡೆಗೆ ತೂಗುಹಾಕುವ ದೊಡ್ಡ ಕ್ಯಾಲೆಂಡರ್, ಒಂದು ನೋಟ್‌ಬುಕ್, ಸಾಧಾರಣ ವಾಚ್. ವಾರಕ್ಕೆ ನಾಲ್ಕೈದು ಗಂಟೆ ಬಿಡುವು. ಮತ್ತೆ ಒಂದು ಜೊತೆ ಒಳ್ಳೆಯ ಶೂ. ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಆಗುವಷ್ಟರಲ್ಲಿ ಶೂವಿನ ಒಳಗಿನ ಮೆತ್ತೆ ಸತ್ತುಹೋಗುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ವಾರಕ್ಕೆ 30 ಕಿಲೋಮೀಟರ್ ಲೆಕ್ಕದಲ್ಲಿ ಆರು ತಿಂಗಳು ತಯಾರಿ ಮಾಡಿದ್ದರೆ ನಿಮ್ಮ ಶೂ ಆಗಲೇ ಆ ಗಡಿಯಲ್ಲಿದೆ.

ಹಂತ 1: ಮೊದಲ ಎರಡು ವಾರ ತಯಾರಿಯ ಮಾತೇ ಬೇಡ

ಮ್ಯಾರಥಾನ್ ಆದ ಮರುದಿನ ಮತ್ತು ಅದರ ಮರುದಿನ ನೋವು ಜಾಸ್ತಿ. ಸ್ನಾಯುಗಳಲ್ಲಿ ಆದ ಸಣ್ಣ ಸಣ್ಣ ಗಾಯಗಳ ನೋವು ತಡವಾಗಿ ಏರುತ್ತದೆ, ಎರಡು ಮೂರು ದಿನದಲ್ಲಿ ಜೋರಾಗಿ, ಆಮೇಲೆ ಇಳಿಯುತ್ತದೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅನ್ನಿಸುವುದು ಇದೇ ಕಾರಣಕ್ಕೆ. ನಾನು ಓಡಲಿಲ್ಲವಲ್ಲ, ಬರೀ ನಡೆದದ್ದು, ನನಗ್ಯಾಕೆ ವಿಶ್ರಾಂತಿ ಅಂದುಕೊಳ್ಳಬೇಡಿ. ಓಡುವವರು ನಾಲ್ಕೈದು ಗಂಟೆಯಲ್ಲಿ ಮುಗಿಸುವ ದೂರಕ್ಕೆ ನೀವು ಏಳೆಂಟು ಗಂಟೆ ಕಾಲ ಮೇಲೆ ಇದ್ದಿರಿ. ಪಾದ, ಸೊಂಟ, ಚರ್ಮ ಎಲ್ಲಕ್ಕೂ ಅದರ ಲೆಕ್ಕ ಗೊತ್ತಿದೆ.

ಮೊದಲ ಮೂರು ನಾಲ್ಕು ದಿನ ಮನೆ ಸುತ್ತಮುತ್ತ ನಿಧಾನವಾಗಿ ಓಡಾಡಿದರೆ ಸಾಕು. ನಿದ್ದೆ ಒಂದು ಗಂಟೆ ಜಾಸ್ತಿ ಮಾಡಿ. ಮೊಳಕೆ ಕಾಳು, ಮೊಟ್ಟೆ, ಮೊಸರು, ಹೆಸರುಬೇಳೆ ಕೋಸಂಬರಿ, ರಾಗಿ ಮುದ್ದೆಗೆ ಗಟ್ಟಿ ಸಾರು, ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನು ಹೊಟ್ಟೆ ತುಂಬ ತಿನ್ನಿ. ಐದನೇ ದಿನದಿಂದ ಇಪ್ಪತ್ತು ನಿಮಿಷದ ಆರಾಮದ ನಡಿಗೆ, ದಿನ ಬಿಟ್ಟು ದಿನ. ಎರಡನೇ ವಾರ ಅದನ್ನೇ ಅರ್ಧ ಗಂಟೆ ಮಾಡಿ. ವಾಚ್ ಮನೆಯಲ್ಲೇ ಇರಲಿ.

ಇಷ್ಟು ದಿನ ಬಿಟ್ಟರೆ ಗಳಿಸಿದ್ದೆಲ್ಲ ಹೋಗುತ್ತೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಎರಡು ವಾರದಲ್ಲಿ ಹೆಚ್ಚೇನೂ ಹೋಗುವುದಿಲ್ಲ. ಎರಡು ತಿಂಗಳು ಬಿಟ್ಟರೆ ಹೋಗುತ್ತದೆ. ತೊಂದರೆ ಏನೆಂದರೆ, ವಿಶ್ರಾಂತಿಗೆ ಕೊನೆಯ ದಿನ ಗೊತ್ತುಮಾಡದಿದ್ದರೆ ಎರಡು ವಾರ ತಾನಾಗಿಯೇ ಎರಡು ತಿಂಗಳಾಗುತ್ತದೆ. ಹಾಗಾಗಿ ಇವತ್ತೇ ಕ್ಯಾಲೆಂಡರ್‌ನಲ್ಲಿ ಹದಿನೈದನೇ ದಿನಕ್ಕೆ ಒಂದು ಗುರುತು ಹಾಕಿ. ಅಂದು ಬೆಳಿಗ್ಗೆ ಹಂತ 4 ಶುರು.

ಎಡವುವ ಜಾಗಗಳು: ಮೊದಲ ಎರಡು ದಿನದಲ್ಲೇ ಜೋರಾಗಿ ಒತ್ತಿ ಮಸಾಜ್ ಮಾಡಿಸುವುದು. ನೋವಿನ ಮಾತ್ರೆ ನುಂಗಿ "ಈಗ ಸರಿ ಹೋಯ್ತು" ಅಂತ ನಡೆಯಲು ಹೋಗುವುದು. ಕಪ್ಪಾದ ಕಾಲುಗುರನ್ನು ಕೀಳುವುದು. ಅದು ತಾನಾಗಿ ಬೀಳುತ್ತದೆ, ಹೊಸದು ಬರುತ್ತದೆ, ಬಿಟ್ಟುಬಿಡಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬೇಡಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ಬಂದರೆ ಅದು ಸ್ನಾಯು ಒಡೆದ ಗುರುತು. ಈ ಎರಡಕ್ಕೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಪಾದದ ಅಥವಾ ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ನಡೆಯುವುದು ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಅದು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ದಪ್ಪ ಪಟ್ಟಿಯ ಉರಿಯೂತ. ಇದು ತುರ್ತಿನದಲ್ಲ. ಆದರೆ ಸುಮ್ನೆ ಬಿಟ್ಟರೆ ತಿಂಗಳುಗಟ್ಟಲೆ ಕಾಡುತ್ತದೆ.

ಹಂತ 2: ಮರೆಯುವ ಮೊದಲು ಬರೆದಿಡಿ

ಕಾಲು ನೋಯುತ್ತಿರುವಾಗಲೇ ನೋಟ್‌ಬುಕ್ ತೆಗೆದು ಒಂದು ಪುಟ ಬರೆಯಿರಿ. ಎಷ್ಟನೇ ಕಿಲೋಮೀಟರ್‌ನಲ್ಲಿ ಕಾಲು ಭಾರವಾಯಿತು? ನೀರುಗುಳ್ಳೆ ಎಲ್ಲಿ ಎದ್ದಿತು? ಏನು ತಿಂದದ್ದು ಹೊಟ್ಟೆಗೆ ಒಗ್ಗಲಿಲ್ಲ? ಬಹಳ ಹೊತ್ತು ರಸ್ತೆಯಲ್ಲಿರುವ ನಡಿಗೆಯವರು ಭಯಕ್ಕೆ ಪ್ರತಿ ಸ್ಟಾಲ್‌ನಲ್ಲೂ ನೀರು ಕುಡಿಯುತ್ತಾರೆ. ಬೇಕಾದ್ದಕ್ಕಿಂತ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಕೈ ಊತ ಬರುತ್ತದೆ. ವಿಪರೀತಕ್ಕೆ ಹೋದರೆ ಜೀವಕ್ಕೇ ಅಪಾಯ. ನಿಮಗೆ ಆ ಲಕ್ಷಣಗಳು ಕಂಡಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ಬಾಯಾರಿದಾಗ ಮಾತ್ರ ಕುಡಿಯುವ ಅಭ್ಯಾಸ ಮಾಡಬೇಕು.

ಇನ್ನೊಂದು ಪುಟದಲ್ಲಿ ಎರಡೇ ಪ್ರಶ್ನೆ. ತಯಾರಿಯಲ್ಲಿ ಖುಷಿ ಕೊಟ್ಟದ್ದು ಯಾವುದು, ಜೀವ ತಿಂದದ್ದು ಯಾವುದು? ಬಹಳ ಜನರಿಗೆ ಬೇಜಾರು ನಡಿಗೆಯ ಮೇಲೆ ಇರುವುದಿಲ್ಲ, ಐದು ಗಂಟೆಯ ಭಾನುವಾರಗಳ ಮೇಲೆ ಇರುತ್ತದೆ. ಇನ್ನು ಕೆಲವರಿಗೆ ಅದು ಉಲ್ಟಾ. ವಾರದ ಮಧ್ಯದ ಅವಸರದ ಅರ್ಧ ಗಂಟೆ ಬೇಡ, ಉದ್ದ ನಡಿಗೆಯ ಏಕಾಂತವೇ ಬೇಕು. ಮುಂದಿನ ಗುರಿ ಯಾವುದು ಅನ್ನುವುದನ್ನು ಈ ಪುಟ ನೋಡಿಯೇ ನಿರ್ಧರಿಸಬೇಕು. ಹಂತ 3ಕ್ಕೆ ಬರುವಾಗ ಇದು ಕೈಯಲ್ಲಿರಲಿ.

ಹಂತ 3: ಬೇರೆ ಥರದ ಗುರಿ ಇಟ್ಟುಕೊಳ್ಳಿ

ಮ್ಯಾರಥಾನ್ ಮುಗಿದ ವಾರವೇ ಇನ್ನೊಂದು ಫುಲ್ ಮ್ಯಾರಥಾನ್‌ಗೆ ಹೆಸರು ಕೊಡುವವರಿದ್ದಾರೆ. ಬೇಗ ಕಟ್ಟಿದರೆ ರಿಯಾಯಿತಿ ಅಂತ ಮೇಲ್ ಬೇರೆ ಬಂದಿರುತ್ತದೆ. ನನ್ನ ಸಲಹೆ: ಮೂರು ವಾರ ಯಾವುದಕ್ಕೂ ದುಡ್ಡು ಕಟ್ಟಬೇಡಿ. ಅದೇ ದೂರ, ಅದೇ ಪಟ್ಟಿ ಮತ್ತೆ ಹಿಡಿದರೆ ಮನಸ್ಸು ಹಿಂದಿನದರ ಜೊತೆ ಹೋಲಿಸುತ್ತಲೇ ಇರುತ್ತದೆ. ಮೊದಲ ಸಲದ ಹೊಸತನ ಎರಡನೇ ಸಲ ಇರುವುದಿಲ್ಲ. ಗುರಿಯ ಜಾತಿಯನ್ನೇ ಬದಲಾಯಿಸಿ. ಬೆಂಗಳೂರಿನವರಿಗೆ ಕೈಗೆಟುಕುವ ಕೆಲವು ದಾರಿಗಳು ಇಲ್ಲಿವೆ.

ಚಿಕ್ಕ ದೂರ, ಜಾಸ್ತಿ ವೇಗ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಗಂಟೆಗೆ 6 ಕಿಲೋಮೀಟರ್ ನಡೆದರೆ 10 ಕಿಲೋಮೀಟರ್‌ಗೆ 100 ನಿಮಿಷ ಬೇಕು. ಅದನ್ನು 90 ನಿಮಿಷಕ್ಕೆ ಇಳಿಸುವುದನ್ನೇ ಗುರಿ ಮಾಡಿಕೊಳ್ಳಿ. ಅಂದರೆ ಪೇಸ್ 10 ನಿಮಿಷದಿಂದ 9ಕ್ಕೆ ಬರಬೇಕು (ಪೇಸ್ ಅಂದರೆ ಒಂದು ಕಿಲೋಮೀಟರ್ ನಡೆಯಲು ಹಿಡಿಯುವ ಸಮಯ). ಹೇಳುವಾಗ ಒಂದೇ ನಿಮಿಷ. ನಡೆದು ನೋಡಿ, ಉಸಿರು ಹೇಗೆ ಹಿಡಿಯುತ್ತದೆ ಅಂತ! 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ (10 ಕಿಲೋಮೀಟರ್ ಓಟ) ಬೇಸಿಗೆಯ ಹೊತ್ತಿಗೆ ಬರುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬೆಂಗಳೂರು ಮ್ಯಾರಥಾನ್ ನಡೆದವರಿಗೆ ನಡುವಿನ ತಿಂಗಳುಗಳು ಸರಿಯಾಗಿ ಹೊಂದುತ್ತವೆ.

ಮಣ್ಣು ದಾರಿ. ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ಪಕ್ಕದ ಮಣ್ಣು ರಸ್ತೆಯಲ್ಲಿ ನಡೆಯುವ ಕಾವೇರಿ ಟ್ರೈಲ್ ಮ್ಯಾರಥಾನ್‌ನಲ್ಲಿ ಚಿಕ್ಕ ದೂರಗಳೂ ಇವೆ. ಡಾಂಬರಿಗೆ ಬೇಸತ್ತ ಕಾಲಿಗೆ ಗದ್ದೆ, ನೀರು, ಹಕ್ಕಿ ನೋಡುತ್ತಾ ನಡೆಯುವುದೇ ಒಂದು ಬದಲಾವಣೆ. ನೆರಳು ಕಡಿಮೆ ಇರುವ ಕಡೆ ಬಿಸಿಲು ಸುಡುತ್ತದೆ, ಟೋಪಿ ಮರೆಯಬೇಡಿ.

ಏರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಹತ್ತಿ ಮೇಲೆ ಹೋಗುವುದನ್ನೇ ಒಂದು ಗುರಿ ಮಾಡಿಕೊಳ್ಳಬಹುದು. ಇಳಿಯುವಾಗ ಮಂಡಿ ಬಗ್ಗೆ ಎಚ್ಚರ.

ಪಾದಯಾತ್ರೆ. ಶಿವರಾತ್ರಿಗೆ ಮುಂಚೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ಸುಮಾರು 300 ಕಿಲೋಮೀಟರ್ ನಡೆಯುತ್ತಾರೆ. ಮೆಡಲ್ ಇಲ್ಲ, ಟೀ ಶರ್ಟ್ ಇಲ್ಲ, ಟೈಮಿಂಗ್ ಚಿಪ್ ಇಲ್ಲ. ನಮ್ಮ ಕಡೆ ದೂರದ ನಡಿಗೆ ಮ್ಯಾರಥಾನ್ ಜೊತೆ ಬಂದದ್ದೇನೂ ಅಲ್ಲ ಅಲ್ವಾ? ಭಕ್ತಿ ಇದ್ದರೆ ಇದು ಒಳ್ಳೆಯ ಗುರಿ. ಆದರೆ ಮ್ಯಾರಥಾನ್ ಮಾಡಿದ್ದೇನೆ, ಇದೇನು ಮಹಾ ಅನ್ನಬೇಡಿ. ದಿನಾ 30–40 ಕಿಲೋಮೀಟರ್ ಸಾಲಾಗಿ ಒಂದು ವಾರ ನಡೆಯುವುದು ಬೇರೆಯೇ ಆಟ. ಅದಕ್ಕೆ ಶನಿವಾರ, ಭಾನುವಾರ ಎರಡೂ ದಿನ ಉದ್ದ ನಡೆದು ಅಭ್ಯಾಸ ಮಾಡಬೇಕು.

ರೇಸ್ ವಾಕಿಂಗ್. ಇದು ಒಲಿಂಪಿಕ್ಸ್‌ನಲ್ಲಿರುವ ಕ್ರೀಡೆ. ನಿಯಮ ಎರಡೇ. ಕಣ್ಣಿಗೆ ಕಾಣುವಂತೆ ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು. ಮುಂದೆ ಇಟ್ಟ ಕಾಲು ನೆಲ ಮುಟ್ಟಿದಾಗಿನಿಂದ ದೇಹದ ಕೆಳಗೆ ನೇರವಾಗುವ ತನಕ ಮಂಡಿ ಬಗ್ಗಬಾರದು. ಕೇರಳದ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸ್‌ನ 20 ಕಿಲೋಮೀಟರ್ ನಡಿಗೆಯಲ್ಲಿ ಹತ್ತನೆಯವರಾದರು. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ನಡಿಗೆಯಲ್ಲಿ ಪ್ರಿಯಾಂಕಾ ಗೋಸ್ವಾಮಿ ಬೆಳ್ಳಿ ಗೆದ್ದರು. ಅವರ ವಿಡಿಯೋ ನೋಡಿ ಸೊಂಟದ ಚಲನೆ ಗಮನಿಸಿ. ಸ್ಪರ್ಧೆಗೆ ಇಳಿಯದಿದ್ದರೂ ಕಲಿಯಲು ಹೊಸದೊಂದು ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ಫುಲ್ ಮ್ಯಾರಥಾನ್‌ನ್ನೇ ಮತ್ತೆ ನಡೆಯಬೇಕು ಅನ್ನಿಸಿದರೆ ಹೆಸರು ಕೊಡುವ ಮೊದಲು ಕಟ್-ಆಫ್ ನೋಡಿ. ಕಟ್-ಆಫ್ ಅಂದರೆ ಗುರಿ ಮುಟ್ಟಲು ಕೊಟ್ಟ ಕೊನೆಯ ಸಮಯ. ಅದಾದ ಮೇಲೆ ರಸ್ತೆ ಬಿಟ್ಟುಕೊಡಬೇಕು, ಫಲಿತಾಂಶದಲ್ಲಿ ನಿಮ್ಮ ಹೆಸರು ಇಲ್ಲದೆಯೂ ಹೋಗಬಹುದು. ಏಳು ಗಂಟೆಯ ಕಟ್-ಆಫ್ ಇದ್ದರೆ ನಿಮ್ಮ ಸರಾಸರಿ ಪೇಸ್ 9 ನಿಮಿಷ 57 ಸೆಕೆಂಡ್ ಒಳಗಿರಬೇಕು, ಶೌಚಕ್ಕೆ ನಿಂತ ಸಮಯವೂ ಸೇರಿ. ಎಂಟು ಗಂಟೆಯಾದರೆ 11 ನಿಮಿಷ 22 ಸೆಕೆಂಡ್. ದಾರಿಯ ಮಧ್ಯದಲ್ಲೂ ಕಟ್-ಆಫ್ ಇರುವುದುಂಟು. ನೀರಿನ ಟೇಬಲ್ ಮಡಚುತ್ತಿರುವಾಗ ಅಲ್ಲಿಗೆ ತಲುಪಿ ಮನಸ್ಸು ಮುರಿದುಕೊಂಡವರು ಬಹಳ. ಅದು ಅವರ ದೋಷವೇನಲ್ಲ, ತಮ್ಮ ವೇಗಕ್ಕೆ ಹೊಂದದ ಕಾರ್ಯಕ್ರಮಕ್ಕೆ ಹೋಗಿದ್ದರು ಅಷ್ಟೆ.

ಗುರಿ ಯಾವುದೇ ಇರಲಿ, ಅದಕ್ಕೊಂದು ದಿನಾಂಕ ಬೇಕು. ಮೂರರಿಂದ ನಾಲ್ಕು ತಿಂಗಳ ದೂರದಲ್ಲಿರಲಿ. ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಹಂತ 4: ವಾರದ ಪಟ್ಟಿ, ಚಿಕ್ಕದಾಗಿ

ಮ್ಯಾರಥಾನ್ ತಯಾರಿಯ ಪಟ್ಟಿಯನ್ನೇ ಮತ್ತೆ ಹಿಡಿಯಬೇಡಿ. ವಾರಕ್ಕೆ ಮೂರು ನಡಿಗೆ, ಎರಡು ದಿನ ಶಕ್ತಿ ವ್ಯಾಯಾಮ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಮೂರು ನಡಿಗೆಯಲ್ಲಿ ಅದು ಆರಾಮಾಗಿ ಮುಗಿಯುತ್ತದೆ.

ಮಂಗಳವಾರ, ಸಾಧಾರಣ ನಡಿಗೆ, 45 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಗುರುವಾರ, ಇಂಟರ್ವಲ್. ಅಂದರೆ ಒಂದಿಷ್ಟು ಹೊತ್ತು ಜೋರು, ಒಂದಿಷ್ಟು ಹೊತ್ತು ನಿಧಾನ, ಮತ್ತೆ ಜೋರು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡ ಮೇಲೆ ಮೂರು ನಿಮಿಷ ಜೋರಾಗಿ, ಎರಡು ನಿಮಿಷ ನಿಧಾನವಾಗಿ, ಇದನ್ನೇ ಆರು ಸಲ. ಕೊನೆಗೆ ಐದು ನಿಮಿಷ ಆರಾಮಾಗಿ. ಜೋರು ಅಂದರೆ ಹೆಜ್ಜೆ ಉದ್ದ ಹಾಕುವುದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಕಾಲನ್ನು ದೂರ ಎಸೆದರೆ ಹಿಮ್ಮಡಿ ನೆಲಕ್ಕೆ ಬಡಿದು ಬ್ರೇಕ್ ಹಾಕಿದಂತಾಗುತ್ತದೆ, ಮೊಣಕಾಲ ಕೆಳಗೆ ಮುಂಭಾಗ ನೋಯಲು ಶುರುವಾಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಮೊಣಕೈ ಮಡಚಿ ಕೈ ಬೇಗ ಆಡಿಸಿದರೆ ಕಾಲೂ ಅದರ ಹಿಂದೆ ಬರುತ್ತದೆ. ಹತ್ತಿರದಲ್ಲಿ 400 ಮೀಟರ್ ಟ್ರ್ಯಾಕ್ ಇರುವ ಮೈದಾನ ಇದ್ದರೆ ಇದಕ್ಕೆ ಅದೇ ಒಳ್ಳೆಯದು.

ಭಾನುವಾರ, ಉದ್ದ ನಡಿಗೆ. ಒಂದೂವರೆ ಗಂಟೆಯಿಂದ ಶುರುಮಾಡಿ. ಎರಡು ವಾರಕ್ಕೊಮ್ಮೆ ಹದಿನೈದು ನಿಮಿಷ ಏರಿಸಿ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ.

ಬುಧವಾರ ಮತ್ತು ಶನಿವಾರ, ಮನೆಯಲ್ಲೇ ಇಪ್ಪತ್ತು ನಿಮಿಷ ಶಕ್ತಿ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂದೇ ಕಾಲಲ್ಲಿ ನಿಲ್ಲುವುದು, ಮೆಟ್ಟಿಲ ಮೇಲೆ ಒಂದೊಂದೇ ಕಾಲು ಹತ್ತಿ ಇಳಿಯುವುದು. ನಡಿಗೆಯವರು ಇದನ್ನೇ ಬಿಡುತ್ತಾರೆ, ಆಮೇಲೆ ಸೊಂಟ ನೋವು ಅಂತಾರೆ.

ಸೋಮವಾರ, ಶುಕ್ರವಾರ ರಜೆ.

ಮನಸ್ಸಿಲ್ಲದ ದಿನಕ್ಕೆ ಒಂದು ನಿಯಮ. ಶೂ ಹಾಕಿ ಹತ್ತು ನಿಮಿಷ ನಡೆಯಿರಿ. ಆಮೇಲೂ ಬೇಡ ಅನ್ನಿಸಿದರೆ ವಾಪಸ್ ಬನ್ನಿ, ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕಿ. ಹೌದು, ಹತ್ತು ನಿಮಿಷಕ್ಕೂ ಟಿಕ್. ಹೆಚ್ಚಿನ ದಿನ ನೀವು ವಾಪಸ್ ಬರುವುದಿಲ್ಲ. ಬಂದರೂ ನಷ್ಟವಿಲ್ಲ, ಈ ತಿಂಗಳುಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಬಾಗಿಲು ದಾಟುವ ಅಭ್ಯಾಸ.

ಹಂತ 5: ಜಾಗ ಮತ್ತು ಹೊತ್ತು ಗೊತ್ತುಮಾಡಿ

"ಎಲ್ಲಿ ನಡೆಯಲಿ" ಅಂತ ಬೆಳಿಗ್ಗೆ ಎದ್ದು ಯೋಚಿಸುವುದೇ ಒಂದು ನೆಪ. ವಾರದ ಮೂರೂ ನಡಿಗೆಗೆ ಜಾಗ ಮೊದಲೇ ಬರೆದಿಡಿ, ಮೂರೂ ಬೇರೆ ಬೇರೆ ಇರಲಿ. ಸಾಧಾರಣ ನಡಿಗೆಗೆ ಮನೆ ಹತ್ತಿರದ ಕೆರೆಯೋ ಪಾರ್ಕೋ ಸಾಕು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಇರಲಿ, ಹೊಸದಾಗಿ ಸರಿಪಡಿಸಿದ ಕೈಕೊಂಡ್ರಹಳ್ಳಿ, ಜಕ್ಕೂರು ಕೆರೆ ಇರಲಿ, ಸುತ್ತಲಿನ ದಾರಿ ಸಮತಟ್ಟಾಗಿರುತ್ತದೆ, ಗಾಡಿ ಕಾಟ ಇಲ್ಲ. ಬಹಳ ಕೆರೆಗಳ ಗೇಟು ಮಧ್ಯಾಹ್ನ ಮುಚ್ಚಿರುತ್ತದೆ, ಸಮಯ ನೋಡಿಕೊಳ್ಳಿ.

ಏರು ಬೇಕಾದರೆ ಲಾಲ್‌ಬಾಗ್‌ನ ಕೆಂಪೇಗೌಡ ಗೋಪುರದ ಬಂಡೆ ಇದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಅದರ ಮೇಲೆ ಹತ್ತು ಸಲ ಹತ್ತಿ ಇಳಿದರೆ ತೊಡೆಗೆ ಸಾಕಷ್ಟು ಕೆಲಸ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ಹೋಗಲೇಬೇಡಿ. ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ಗಾಡಿ ಬಿಡುವುದಿಲ್ಲ, ಉದ್ದ ನಡಿಗೆಗೆ ಅದೇ ಸರಿಯಾದ ದಿನ.

ಆದರೆ ಒಂದೇ ಪಾರ್ಕನ್ನು ಎರಡು ಗಂಟೆ ಸುತ್ತುವುದು ಎಂಥವರಿಗೂ ಬೇಸರ. ಅದಕ್ಕೆ ಒಂದು ಉಪಾಯ: ಹೋಗುವುದು ನಡೆದು, ಬರುವುದು ಮೆಟ್ರೋದಲ್ಲಿ. ಉದಾಹರಣೆಗೆ ಮಲ್ಲೇಶ್ವರದವರು ಸಂಪಿಗೆ ರಸ್ತೆಯಿಂದ ಹೊರಟು ಶೇಷಾದ್ರಿ ರಸ್ತೆ, ಕಬ್ಬನ್ ಪಾರ್ಕ್ ಸುತ್ತು, ಅಲ್ಲಿಂದ ಲಾಲ್‌ಬಾಗ್ ತನಕ ನಡೆದು, ಹತ್ತಿರದ ದರ್ಶಿನಿಯಲ್ಲಿ ತಿಂಡಿ ತಿಂದು, ಲಾಲ್‌ಬಾಗ್ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ವಾಪಸ್ ಬರಬಹುದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಆ ಕಡೆಯವರಿಗೂ ಇದು ಸುಲಭ. ಇಂಥ ನಡಿಗೆಯಲ್ಲಿ ಅರ್ಧಕ್ಕೆ ತಿರುಗಿ ಬರುವ ಆಸೆ ಹುಟ್ಟುವುದಿಲ್ಲ, ಮುಂದೆ ಹೋದರೇ ಸ್ಟೇಷನ್. ಭಾನುವಾರ ಮೆಟ್ರೋ ಬೇರೆ ದಿನಕ್ಕಿಂತ ತಡವಾಗಿ ಹೊರಡುತ್ತದೆ. ಆದರೆ ನಿಮಗೆ ಬೇಕಾಗಿರುವುದು ವಾಪಸ್ ಬರಲು, ಆ ಹೊತ್ತಿಗೆ ಶುರುವಾಗಿರುತ್ತದೆ.

ಹೊತ್ತಿನ ಬಗ್ಗೆ. ಮೇ ಕೊನೆಗೆ ಇಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಜನವರಿಯಲ್ಲಿ ಆರು ಮುಕ್ಕಾಲು. ವರ್ಷಪೂರ್ತಿ ಒಂದೇ ಅಲಾರಾಂ ಇಟ್ಟುಕೊಂಡು, ಡಿಸೆಂಬರ್‌ನ ಕತ್ತಲು ಚಳಿಯಲ್ಲಿ ಏಳಲಾಗದೆ ನಿಲ್ಲಿಸಿದವರು ಬೇಕಾದಷ್ಟು ಜನ. ಚಳಿಗಾಲದಲ್ಲಿ ಮುಕ್ಕಾಲು ಗಂಟೆ ತಡವಾಗಿ ಹೊರಡಿ, ಏನೂ ಮುಳುಗುವುದಿಲ್ಲ. ಏಪ್ರಿಲ್‌ನಲ್ಲಿ ಎಂಟಕ್ಕೆಲ್ಲ ಬಿಸಿಲು ಏರುವುದರಿಂದ ಬೇಗ ಮುಗಿಸಿ. ಮಳೆಯ ನೆಪ ಇಲ್ಲಿ ಬೆಳಿಗ್ಗೆ ನಡೆಯುವವರಿಗೆ ಅಷ್ಟು ಸಲ್ಲುವುದಿಲ್ಲ. ಬೆಂಗಳೂರಿನ ಜೋರು ಮಳೆ ಬರುವುದು ಹೆಚ್ಚಾಗಿ ಸಂಜೆ, ರಾತ್ರಿ. ನೆಂದ ಶೂ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೇಗ ಒಣಗುತ್ತದೆ.

ಎಚ್ಚರಿಕೆ ಬೇಕಾದ ಸಂಗತಿಗಳು ಮೂರು. ಒಂದು, ಅಲ್ಲಾಡುವ ಫುಟ್‌ಪಾತ್ ಚಪ್ಪಡಿ. ಕತ್ತಲಲ್ಲಿ ಟಾರ್ಚ್ ಇರಲಿ. ಎರಡು, ರಸ್ತೆಯ ಒಂದೇ ಅಂಚಿನಲ್ಲಿ ದಿನಾ ನಡೆಯುವುದು. ರಸ್ತೆ ಅಂಚಿಗೆ ಇಳಿಜಾರು ಇರುತ್ತದೆ, ಒಂದು ಕಡೆಯ ಸೊಂಟ ಹಿಡಿದುಕೊಳ್ಳುತ್ತದೆ. ಮೂರು, ನಾಯಿ. ಗುಂಪು ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಲ್ಲಿ, ದಿಟ್ಟಿಸಬೇಡಿ, ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಚುಚ್ಚುಮದ್ದು ಹಾಕಿಸಿ. ಗಾಯ ಚಿಕ್ಕದು ಅಂತ ಬಿಡುವ ವಿಷಯ ಇದಲ್ಲ.

ಹಂತ 6: ಜೊತೆಗೆ ಯಾರು?

ಒಬ್ಬರಾದರೂ ಜೊತೆಗಿರಲಿ. ಗೇಟ್ ಹತ್ತಿರ ಯಾರೋ ಕಾಯುತ್ತಿದ್ದಾರೆ ಅಂದರೆ ಅಲಾರಾಂ ಆಫ್ ಮಾಡಲು ನಾಚಿಕೆ ಆಗುತ್ತದೆ. ಆದರೆ ಓಟದ ಗುಂಪಿಗೆ ಸೇರುವ ಮೊದಲು ನೇರವಾಗಿ ಕೇಳಿ: "ನಾನು ನಡೆಯುವವನು, ನಡಿಗೆಯವರಿಗೆ ಬೇರೆ ಬ್ಯಾಚ್ ಇದೆಯಾ?" ಇಲ್ಲ ಅಂದರೆ ಪ್ರತಿ ವಾರ ಕೊನೆಯವರಾಗಿ, ಎಲ್ಲರೂ ಕಾಫಿ ಕುಡಿದು ಹೊರಟ ಮೇಲೆ ತಲುಪಬೇಕಾಗುತ್ತದೆ. ಅದು ಇದ್ದ ಉತ್ಸಾಹವನ್ನೂ ಕೊಲ್ಲುತ್ತದೆ. ಅದಕ್ಕಿಂತ ಅಪಾರ್ಟ್‌ಮೆಂಟ್‌ನ ಮೂರು ಜನ, ಪಾರ್ಕ್‌ನಲ್ಲಿ ದಿನಾ ಎದುರಾಗುವ ದಂಪತಿ, ಆಫೀಸಿನ ಸಹೋದ್ಯೋಗಿ ವಾಸಿ. ಕತ್ತಲಲ್ಲಿ ಒಂಟಿಯಾಗಿ ಹೊರಡಲು ಹಿಂಜರಿಯುವ ಹೆಣ್ಣುಮಕ್ಕಳಿಗಂತೂ ಜೊತೆ ಇದ್ದರೆ ಅರ್ಧ ಚಿಂತೆ ಕಡಿಮೆ.

"ಓ, ನಡೆದದ್ದಾ? ಓಡಲಿಲ್ವಾ ಆಂಟಿ?" ಅಂತ ಕೇಳುವವರು ಸಿಗುತ್ತಾರೆ. "ಇಲ್ಲಪ್ಪ, ನಡೆದೆ, 42 ಕಿಲೋಮೀಟರ್. ಭಾನುವಾರ ಬಾ, ಹತ್ತು ಕಿಲೋಮೀಟರ್ ಜೊತೆಗೆ ನಡಿ" ಅನ್ನಿ. ಕೆಲವರು ನಿಜಕ್ಕೂ ಬಂದುಬಿಡುತ್ತಾರೆ.

ಮನೆಯವರ ಜೊತೆ ಮಾತಾಡುವುದನ್ನು ಬಹಳ ಜನ ಮರೆಯುತ್ತಾರೆ. ತಯಾರಿಯ ತಿಂಗಳುಗಳಲ್ಲಿ ಭಾನುವಾರದ ಅಡುಗೆ, ಮಾರ್ಕೆಟ್, ಮಕ್ಕಳ ಕ್ಲಾಸ್ ಎಲ್ಲ ಇನ್ನೊಬ್ಬರ ತಲೆಗೆ ಬಿದ್ದಿರುತ್ತದೆ. ಮ್ಯಾರಥಾನ್ ಮುಗಿಯಿತಲ್ಲ, ಇನ್ನು ಮನೇಲಿರ್ತಾರೆ ಅಂತ ಅವರು ಕಾದಿರುತ್ತಾರೆ. ಮತ್ತೆ ಶುರುಮಾಡುವ ಮುಂಚೆ ಒಪ್ಪಂದ ಆಗಲಿ: ಭಾನುವಾರ ಎಷ್ಟು ಗಂಟೆಗೆ ವಾಪಸ್, ತಿಂಗಳಲ್ಲಿ ಯಾವ ಭಾನುವಾರ ನಡಿಗೆ ಇಲ್ಲ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ.

ನಡಿಗೆ ಆದ ಮೇಲಿನ ದರ್ಶಿನಿ ಭೇಟಿಯನ್ನು ನಾನು ಬೇಡ ಅನ್ನುವುದಿಲ್ಲ. ಎಷ್ಟೋ ಗುಂಪುಗಳು ಉಳಿದಿರುವುದೇ ಅದರಿಂದ. ಪ್ರತಿ ನಡಿಗೆಗೂ ಚೌಚೌ ಬಾತ್, ಮೇಲೊಂದು ವಡೆ ಅಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಭಾನುವಾರಕ್ಕಷ್ಟೇ ಇರಲಿ.

ಹಂತ 7: ಅಳೆಯಿರಿ, ಆದರೆ ಕಡಿಮೆ

ತಿಂಗಳಿಗೊಮ್ಮೆ, ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ, 3 ಕಿಲೋಮೀಟರ್ ಜೋರಾಗಿ ನಡೆದು ಸಮಯ ಬರೆದಿಡಿ. ಅಷ್ಟೇ ಪರೀಕ್ಷೆ. ಪ್ರತಿದಿನ ಆ್ಯಪ್ ತೆರೆದು ಬೇರೆಯವರ ನಕ್ಷೆ ನೋಡಿದರೆ ಬೇಸರವೇ ಹೆಚ್ಚು. ತೂಕವನ್ನು ಈ ಲೆಕ್ಕಕ್ಕೆ ತರಲೇಬೇಡಿ. ತಯಾರಿ ಕಡಿಮೆಯಾದ ಮೊದಲ ತಿಂಗಳು ಅದು ಸ್ವಲ್ಪ ಏರುವುದುಂಟು.

ಹಂತ 8: ತಪ್ಪಿಹೋದಾಗ

ತಪ್ಪಿಯೇ ತಪ್ಪುತ್ತದೆ. ದೀಪಾವಳಿ, ಮನೆಯಲ್ಲಿ ಜ್ವರ, ಆಫೀಸಿನ ರಿಲೀಸ್, ಊರಿನ ಜಾತ್ರೆ. ಮೊದಲೇ ನಿಯಮ ಬರೆದಿಟ್ಟುಕೊಂಡರೆ ಅಪರಾಧಿ ಭಾವನೆಗೆ ಜಾಗವಿರುವುದಿಲ್ಲ.

ಅದಕ್ಕೂ ಮುಂಚೆ ಒಂದು ಮಾತು. ಆರು ವಾರ ಕಳೆದರೂ ನಡಿಗೆ ಮಾತ್ರವಲ್ಲ, ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಸರಿಯಿಲ್ಲ, ಮೆಟ್ಟಿಲು ಹತ್ತಿದರೂ ಸುಸ್ತು ಅಂದರೆ ಇದು ಉತ್ಸಾಹದ ಪ್ರಶ್ನೆಯಲ್ಲದೆ ಇರಬಹುದು. ಡಾಕ್ಟರ್ ಹತ್ತಿರ ಹೋಗಿ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಮನಸ್ಸಿನ ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಾಗೇನೂ ಇಲ್ಲದೆ ಬರೀ ದಿನ ತಪ್ಪಿದ್ದರೆ ಲೆಕ್ಕ ಹೀಗೆ. ಒಂದೆರಡು ದಿನ ತಪ್ಪಿದರೆ ಅದನ್ನು ಮರೆತು ಪಟ್ಟಿಯ ಇವತ್ತಿನ ಸಾಲು ಮಾಡಿ. ಬಿಟ್ಟುಹೋದದ್ದನ್ನು ಸೇರಿಸಿ ಎರಡರಷ್ಟು ನಡೆಯಬೇಡಿ, ಗಾಯವಾಗುವುದು ಹಾಗೆಯೇ. ಒಂದು ವಾರ ಹೋದರೆ ಹಿಂದಿನ ವಾರದ ಪಟ್ಟಿಯನ್ನೇ ಮತ್ತೆ ಮಾಡಿ. ಎರಡು ಮೂರು ವಾರ ಹೋದರೆ ದೂರವನ್ನು ಅರ್ಧಕ್ಕಿಳಿಸಿ, ಒಂದು ವಾರ ಇಂಟರ್ವಲ್ ಬಿಟ್ಟು ಶುರುಮಾಡಿ. ಒಂದು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಹಂತ 1ರ ಎರಡನೇ ವಾರಕ್ಕೆ ಹೋಗಿ, ದಿನ ಬಿಟ್ಟು ದಿನ ಅರ್ಧ ಗಂಟೆ. ಜ್ವರ ಬಂದು ಹೋಗಿದ್ದರೆ, ಅದರಲ್ಲೂ ಡೆಂಗಿ ಆಗಿದ್ದರೆ, ಡಾಕ್ಟರ್ ಸರಿ ಅಂದ ಮೇಲೆಯೇ ಶೂ ಹಾಕಿ. ಗುರಿಯ ದಿನಾಂಕ ತೀರಾ ಹತ್ತಿರವಾಗಿಬಿಟ್ಟಿದ್ದರೆ ಚಿಕ್ಕ ದೂರಕ್ಕೆ ಬದಲಾಯಿಸಲು ಆಗುತ್ತದಾ ಅಂತ ಆಯೋಜಕರನ್ನು ಕೇಳಿ. ಕೆಲವು ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಕಟ್ಟಿದ ದುಡ್ಡಿನ ಮುಖ ನೋಡಿ ಹೋಗಿ ನಡೆಯಬೇಡಿ, ಕ್ಯಾಲೆಂಡರ್‌ನಲ್ಲಿ ಬೇರೆ ದಿನಾಂಕ ಬರೆಯಿರಿ.